ಉಟ್ಟ ಬಟ್ಟೆಯ ಮೂಲ: ಶರಣರ ಕಾಯಕ, ದಾಸೋಹ ಮತ್ತು ಕೈಮಗ್ಗ

ಯಾದಗಿರಿ ಜಿಲ್ಲೆಯ ಮುದನೂರು ಆದ್ಯ ವಚನಕಾರರಲ್ಲಿ ಒಬ್ಬರಾದ ಜೇಡರ ದಾಸಿಮಯ್ಯನವರ ಊರು. ಜೇಡ ಎಂದರೆ ನೇಕಾರ. ಊರಿನ ರಾಮನಾಥನೇ ಅವರ ಇಷ್ಟದೈವ. ಅವರ ವಚನಗಳ ಅಂಕಿತವೂ ಅದೇ. ದಾಸಿಮಯ್ಯನವರು ಮತ್ತು ಅವರ ಧರ್ಮಪತ್ನಿ ದುಗ್ಗಳೆಯವರ ಬಗ್ಗೆ ವೀರಶೈವ ಪುರಾಣಗಳು ಹೇಳುವ ಒಂದು ಕಥೆ ನಾಡಿನ ಶರಣಪರಂಪರೆಯ ಮನೆಮನೆಗಳಲ್ಲಿ ಇಂದಿಗೂ ಉಳಿದಿದೆ. ದಾಸಿಮಯ್ಯನವರು ಬಹುಕಾಲ ಶ್ರಮಿಸಿ ಒಂದು ದಿವ್ಯವಸ್ತ್ರವನ್ನು ನೇಯ್ದರು. ಸಂತೆಗೆ ಒಯ್ದರೆ ಅದಕ್ಕೆ ಬೆಲೆ ಕಟ್ಟುವವರೇ ಸಿಗಲಿಲ್ಲ. ಮರಳಿ ಬರುವ ದಾರಿಯಲ್ಲಿ ವೃದ್ಧ ಜಂಗಮರೊಬ್ಬರು ಎದುರಾಗಿ ಆ ಬಟ್ಟೆಯನ್ನು ಬೇಡಿದರು. ದಾಸಿಮಯ್ಯನವರು ಕೊಟ್ಟರು. ಜಂಗಮರು ಅದನ್ನು ಉಡಲಿಲ್ಲ, ಹೊದೆಯಲಿಲ್ಲ. ಅವರ ಕಣ್ಣೆದುರಿನಲ್ಲೇ ಚೂರುಚೂರಾಗಿ ಹರಿದುಹಾಕಿದರು. ದಾಸಿಮಯ್ಯನವರ ಮುಖದಲ್ಲಿ ಕೋಪದ ಗೆರೆಯೂ ಮೂಡಲಿಲ್ಲ. ಜಂಗಮರನ್ನು ಮನೆಗೆ ಕರೆತಂದಾಗ ದುಗ್ಗಳೆಯವರೂ ಒಂದು ಮಾತು ಆಡದೆ ಸತ್ಕರಿಸಿದರು. ಮೆಚ್ಚಿದ ಶಿವನು ತನ್ನ ನಿಜರೂಪವನ್ನು ತೋರಿ ಎಂದೂ ಬರಿದಾಗದ ಧಾನ್ಯವನ್ನು, ಅಂದರೆ ತವನಿಧಿಯನ್ನು, ಕರುಣಿಸಿದನು.

ಈ ಕಥೆಯನ್ನು ಕೇಳುವವರು ಸಾಮಾನ್ಯವಾಗಿ ತವನಿಧಿಯ ಪವಾಡದ ಬಳಿ ನಿಲ್ಲುತ್ತಾರೆ. ನೇಕಾರರ ಓಣಿಯಲ್ಲಿ ಬೆಳೆದವರು ಮಾತ್ರ ಅದಕ್ಕಿಂತ ಮೊದಲೇ, ಬಟ್ಟೆ ಹರಿಯುವ ಗಳಿಗೆಯಲ್ಲೇ, ಉಸಿರು ಹಿಡಿಯುತ್ತಾರೆ. ಹಾಸು ಹೂಡುವುದು, ಗಂಜಿ ಹಚ್ಚುವುದು, ಎಳೆ ಎಳೆಯನ್ನೂ ಹಣಿಗೆಯಲ್ಲಿ ಪೋಣಿಸುವುದು, ಹರಿದ ನೂಲನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸುವುದು, ಆಮೇಲೆ ಲಾಳಿಯ ಸಾವಿರಾರು ಓಡಾಟ. ಇಷ್ಟೆಲ್ಲ ಆದ ಮೇಲೆ ಹುಟ್ಟುವ ಬಟ್ಟೆ ನೇಕಾರನ ಆಯುಷ್ಯದ ಒಂದು ತುಂಡು. ಕೊಟ್ಟ ಮೇಲೆ ಅದು ಕೊಟ್ಟವನದಲ್ಲ ಎಂಬ ಕಠಿಣ ಪಾಠವನ್ನು ಪುರಾಣವು ಒಬ್ಬ ನೇಕಾರನ ಕೈಯಿಂದಲೇ ಕಲಿಸಿದೆ. ಅರಸನಿಂದ ಅಥವಾ ಸೆಟ್ಟಿಯಿಂದ ಕಲಿಸಿಲ್ಲ. ಬೊಕ್ಕಸದಿಂದ ತೆಗೆದು ಕೊಡುವವನಿಗೆ ಈ ನೋವು ತಿಳಿಯದು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ತವನಿಧಿ ದೊರೆತ ಮೇಲೆ ದಾಸಿಮಯ್ಯನವರ ಮನಸ್ಸಿನಲ್ಲಿಯೂ ತಾನು ಕೊಡುವವನು ಎಂಬ ಹೆಮ್ಮೆ ಮೊಳೆಯಿತೆಂದೂ, ಬಡವರಾದ ಶಂಕರದಾಸಿಮಯ್ಯನವರ ಎದುರಿನಲ್ಲಿ ಅದು ಇಳಿದುಹೋಯಿತೆಂದೂ ಪುರಾಣ ಮುಂದುವರಿಸುತ್ತದೆ. ಹರಿದ ಬಟ್ಟೆಯನ್ನು ಸಹಿಸಿದ ಶರಣನಿಗೂ ತುಂಬಿದ ಕಣಜವನ್ನು ಸಹಿಸುವುದು ಕಷ್ಟವಾಯಿತು. ದಾನದ ಬಗ್ಗೆ ಬರೆದ ಎಷ್ಟೋ ಗ್ರಂಥಗಳಿಗಿಂತ ಈ ಒಂದು ತಿರುವು ಹೆಚ್ಚು ಹೇಳುತ್ತದೆ.

ಜೇಡರ ದಾಸಿಮಯ್ಯನವರೂ, ಚಾಲುಕ್ಯರ ರಾಣಿ ಸುಗ್ಗಲೆಯ ಗುರುವಾಗಿದ್ದ ದೇವರ ದಾಸಿಮಯ್ಯನವರೂ ಒಬ್ಬರೇ ಅಥವಾ ಇಬ್ಬರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅವರ ಕಾಲವೂ ಆ ಚರ್ಚೆಯನ್ನೇ ಅವಲಂಬಿಸಿದೆ. ಈ ಲೇಖನಕ್ಕೆ ಮುಖ್ಯವಾದುದು ಇಷ್ಟು: ಬಸವಾದಿ ಪ್ರಮಥರು ಗೌರವದಿಂದ ನೆನೆದ ಹಿರಿಯರೊಬ್ಬರು ಮಗ್ಗದ ಕುಣಿಯಲ್ಲಿ ಕುಳಿತು ದುಡಿದವರು.

ಬಸವಣ್ಣನವರ ಕಾಲದ ಕಲ್ಯಾಣವು ಬಟ್ಟೆಯನ್ನು ಚೆನ್ನಾಗಿ ಬಲ್ಲ ಪಟ್ಟಣ. ಅವರಿಗಿಂತ ಒಂದು ತಲೆಮಾರು ಹಿಂದೆ ಅಲ್ಲಿಯೇ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು (1126-1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಡುಗೆತೊಡುಗೆಗೆಂದೇ ಒಂದು ಭಾಗವಿದೆ. ಮುಲ್ತಾನದಿಂದ, ಗುಜರಾತದ ಅಣಹಿಲವಾಡದಿಂದ, ನಾಗಪಟ್ಟಣದಿಂದ, ಸಿಂಹಳದಿಂದ, ಕಳಿಂಗದಿಂದ ಬರುವ ವಸ್ತ್ರಗಳ ಹೆಸರುಗಳು ಅಲ್ಲಿವೆ. ಯಾವ ಋತುವಿನಲ್ಲಿ ಯಾವ ಬಟ್ಟೆ, ಯಾವ ಬಣ್ಣ ಅರಸನಿಗೆ ಒಪ್ಪುತ್ತದೆ ಎಂಬ ವಿವರಗಳಿವೆ. ಗ್ರಂಥ ಅಮೂಲ್ಯವಾದುದು, ಸಂದೇಹವಿಲ್ಲ. ಆದರೆ ಆ ವಸ್ತ್ರಗಳನ್ನು ನೇಯ್ದವರ ಹೊಟ್ಟೆಬಟ್ಟೆಯ ಮಾತು ಅಲ್ಲಿ ಬರುವುದಿಲ್ಲ. ಅದು ಅರಸರ ಭೋಗದ ಗ್ರಂಥ. ಶಾಸನಗಳಲ್ಲಿ ನೇಕಾರರು ಮಗ್ಗದೆರೆಯನ್ನು ತೆರುವವರಾಗಿ, ದೇವಾಲಯಗಳಿಗೆ ದತ್ತಿ ಬಿಡುವವರಾಗಿ ಕಾಣಿಸುತ್ತಾರೆ. ಅವರ ಸ್ವಂತ ದನಿ ಮೊದಲ ಬಾರಿಗೆ ಕೇಳಿಬಂದದ್ದು ವಚನಗಳಲ್ಲಿ.

ಹೀಗೆ ಕೇಳಿಬಂದ ದನಿಗಳಲ್ಲಿ ಕದಿರ ರೆಮ್ಮವ್ವೆಯವರದು ವಿಶೇಷವಾದುದು. ಅವರದು ನೂಲುವ ಕಾಯಕ. ಕದಿರು ಎಂದರೆ ನೂಲು ಸುತ್ತಿಕೊಳ್ಳುವ ಸಲಾಕೆ. ಕಾಯಕವೇ ಅವರ ಹೆಸರಿಗೆ ಸೇರಿಕೊಂಡಿದೆ. ಗುಮ್ಮೇಶ್ವರ ಅಂಕಿತದ ಅವರ ವಚನಗಳು ಬೆರಳೆಣಿಕೆಯಷ್ಟು ಮಾತ್ರ ದೊರೆತಿವೆ. ಅವುಗಳಲ್ಲಿ ಒಂದು ವಚನ ರಾಟೆಯ ಕುಲವನ್ನು ಕುರಿತದ್ದು. ಜನರ ಕುಲವನ್ನು ಕೇಳುವ ಲೋಕಕ್ಕೆ ಆ ತಾಯಿ ತಮ್ಮ ರಾಟೆಯ ಕುಲವನ್ನು ಹೇಳುತ್ತಾರೆ: ಅದರ ಅಡಿಯ ಹಲಗೆ, ಮೇಲಿನ ತೋರಣ, ನಿಂತ ಗೊಂಬೆಗಳಲ್ಲಿ ತ್ರಿಮೂರ್ತಿಗಳನ್ನೇ ಕಾಣಿಸಿ, ಅರಿವನ್ನು ಕದಿರಾಗಿಯೂ ಭಕ್ತಿಯನ್ನು ತಿರುಗಿಸುವ ಕೈಯಾಗಿಯೂ ಮಾಡುತ್ತಾರೆ. ಬಡ ಹೆಣ್ಣುಮಗಳೊಬ್ಬಳ ಮನೆಯ ಮೂಲೆಯ ಉಪಕರಣ ಹೀಗೆ ದೇವಲೋಕದ ಎತ್ತರಕ್ಕೆ ಏರುತ್ತದೆ.

ಈ ವಚನಕ್ಕೆ ಅನುಭಾವದ ಬೆಲೆಯಲ್ಲದೆ ಇತಿಹಾಸದ ಬೆಲೆಯೂ ಇದೆ. ಭಾರತಕ್ಕೆ ರಾಟೆ ಬಂದದ್ದು ಯಾವಾಗ ಎಂಬುದು ಇತಿಹಾಸಕಾರರ ನಡುವಿನ ಹಳೆಯ ಚರ್ಚೆ. ಅದಕ್ಕೂ ಮೊದಲು ಕೈಯಲ್ಲಿ ತಿರುಗಿಸುವ ತಕಲಿಯಿಂದಲೇ ನೂಲು ತೆಗೆಯುತ್ತಿದ್ದರು. ಚಕ್ರ ಬಂದ ಮೇಲೆ ಅದೇ ಹೊತ್ತಿನಲ್ಲಿ ಹಲವು ಪಟ್ಟು ನೂಲು ದೊರೆಯತೊಡಗಿತು. ಸಾಮಾನ್ಯ ಜನರು ಮೈತುಂಬ ಉಡುವಂತಾದದ್ದಕ್ಕೆ ಇದೂ ಒಂದು ಕಾರಣ. ಇತಿಹಾಸಕಾರ ಇರ್ಫಾನ್ ಹಬೀಬರು ರಾಟೆಯು ತುರ್ಕರ ಆಗಮನದ ನಂತರ ಇಲ್ಲಿಗೆ ಬಂದಿತೆಂದು ವಾದಿಸಿದರು. ಅವರು ತೋರಿಸಿದ ಅತ್ಯಂತ ಹಳೆಯ ಸ್ಪಷ್ಟ ಉಲ್ಲೇಖ 1350ರಲ್ಲಿ ಇಸಾಮಿ ಎಂಬ ಕವಿ ಪಾರಸಿಯಲ್ಲಿ ಬರೆದ ‘ಫುತೂಹುಸ್ಸಲಾತೀನ್’ ಕಾವ್ಯದ್ದು. ಸ್ವಾರಸ್ಯವೆಂದರೆ ಆ ಕಾವ್ಯ ರಚನೆಯಾದದ್ದು ಬಹಮನಿ ಸುಲ್ತಾನನ ಆಶ್ರಯದಲ್ಲಿ. ಆತನ ರಾಜಧಾನಿ ಕಲ್ಯಾಣಕ್ಕೆ ದೂರವಲ್ಲದ ಕಲಬುರ್ಗಿ. ರಝಿಯಾ ಸುಲ್ತಾನಳನ್ನು ಹಳಿಯುತ್ತ, ಹೆಣ್ಣಿಗೆ ಸಿಂಹಾಸನ ತರವಲ್ಲ, ರಾಟೆಯ ಮುಂದೆ ಕುಳಿತಿರುವುದೇ ತರ ಎಂಬ ಅರ್ಥದಲ್ಲಿ ಇಸಾಮಿ ರಾಟೆಯನ್ನು ಹೆಸರಿಸಿದ್ದಾನೆ. ದಕ್ಷಿಣ ಭಾರತದ ನೇಕಾರರ ಇತಿಹಾಸವನ್ನು ಬರೆದ ವಿಜಯಾ ರಾಮಸ್ವಾಮಿಯವರು ಈ ವಾದದ ಎದುರಿಗೆ ರೆಮ್ಮವ್ವೆಯವರ ವಚನವನ್ನು ತಂದಿರಿಸಿದರು. ವಚನಗಳ ಓಲೆಪ್ರತಿಗಳು ನಂತರದ ಶತಮಾನಗಳವಾದ್ದರಿಂದ ವಾದ ಪೂರ್ತಿ ತೀರಿಲ್ಲವೆನ್ನಬೇಕು. ಆದರೆ ಒಂದು ಅಂತರ ಮಾತ್ರ ಕಣ್ಣಿಗೆ ಹೊಡೆಯುವಂತಿದೆ. ಇಸಾಮಿಗೆ ರಾಟೆ ಹೆಣ್ಣನ್ನು ಮೂಲೆಯಲ್ಲಿ ಕೂಡಿಸುವ ಸಾಧನ. ರೆಮ್ಮವ್ವೆಯವರಿಗೆ ಅದು ಅರಿವಿನ ಸಾಧನ.

ಶರಣರ ಬಟ್ಟೆಯ ಲೋಕ ಇವರಿಬ್ಬರಿಗೇ ನಿಲ್ಲುವುದಿಲ್ಲ. ಅಮುಗಿದೇವಯ್ಯನವರದು ನೇಯ್ಗೆ. ಸೂಜಿಕಾಯಕದ ರಾಮಿತಂದೆಯವರದು ಹೊಲಿಗೆ. ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನವರದು ಬಟ್ಟೆ ಮಡಿ ಮಾಡುವ ಕಾಯಕ. ಅವರು ಕಾಯಕನಿಷ್ಠರಾದ ಶರಣರ ಬಟ್ಟೆಯನ್ನಲ್ಲದೆ ಸೋಮಾರಿಗಳ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲವೆಂದು ಹೇಳುತ್ತಾರೆ. ಉಡುವ ಬಟ್ಟೆಯ ಕೊಳೆಗಿಂತ ಅದನ್ನು ಉಟ್ಟವನ ದುಡಿಮೆಯ ಕೊಳೆ ಮಾಚಯ್ಯನವರಿಗೆ ಮೊದಲು ಕಾಣುತ್ತಿತ್ತು. ಇನ್ನು ಉಡುಗೆಯನ್ನೇ ತೊರೆದ ಅಕ್ಕಮಹಾದೇವಿಯವರ ವಿಷಯ ಬೇರೆಯೇ ಒಂದು ದೊಡ್ಡ ಕಥೆ.

ಬೀದಿ ಗುಡಿಸುತ್ತಿದ್ದ ಸತ್ಯಕ್ಕನವರ ಪ್ರತಿಜ್ಞೆಯೊಂದು ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ದಾರಿಯಲ್ಲಿ ಹೊನ್ನು ಬಿದ್ದಿರಲಿ, ವಸ್ತ್ರ ಬಿದ್ದಿರಲಿ, ಕೈಮುಟ್ಟಿ ಎತ್ತುವುದಿಲ್ಲವೆಂದು ಅವರು ಆಣೆ ಇಡುತ್ತಾರೆ. ದಾರಿಗೆ ಅವರು ಬಳಸಿದ ಹಳೆಯ ಮಾತು ‘ಬಟ್ಟೆ’. ಇಂದಿನ ಓದುಗರು ಆ ವಚನವನ್ನು ಮೊದಲ ಸಲ ಓದುವಾಗ ಬಟ್ಟೆಯಲ್ಲಿ ಸುತ್ತಿಟ್ಟ ಹೊನ್ನು ಎಂದು ಭಾವಿಸುವುದುಂಟು. ಬೀದಿಯನ್ನೇ ಕಾಯಕದ ನೆಲೆ ಮಾಡಿಕೊಂಡವರಿಗೆ ಆ ಬೀದಿಯಲ್ಲಿ ಸಿಗುವುದೆಲ್ಲ ತಮ್ಮದಲ್ಲ ಎನ್ನಲು ಎಷ್ಟು ಎಚ್ಚರ ಬೇಕೋ! ಹನ್ನೆರಡನೆಯ ಶತಮಾನದಲ್ಲಿ ವಸ್ತ್ರ ಹೊನ್ನಿನ ಸಾಲಿನಲ್ಲಿ ನಿಲ್ಲುವಷ್ಟು ಬೆಲೆಯುಳ್ಳದ್ದಾಗಿತ್ತು ಎಂಬುದೂ ಈ ಮಾತಿನಿಂದ ತಿಳಿಯುತ್ತದೆ.

ಆಯ್ದಕ್ಕಿ ಲಕ್ಕಮ್ಮನವರ ಕಥೆ ಎಲ್ಲರಿಗೂ ಗೊತ್ತಿದೆ. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಎಲ್ಲಿಂದ ತಂದರೋ ಅಲ್ಲಿಗೇ ಸುರಿದು ಬರುವಂತೆ ಹೇಳಿ ಕಳಿಸಿದರು. ನುಲಿಯ ಚಂದಯ್ಯನವರ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರು ಹುಲ್ಲನ್ನು ತಂದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದವರು. ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಅವರ ನೆನಪು ಇಂದಿಗೂ ಇದೆ. ಒಮ್ಮೆ ಅವರ ಹಗ್ಗಕ್ಕೆ ಅದರ ಬೆಲೆಯನ್ನು ಮೀರಿದ ಹಣ ಬಂದಾಗ, ಕೊಟ್ಟವರು ಸ್ವತಃ ಬಸವಣ್ಣನವರೇ ಆಗಿದ್ದರೂ, ಅವರು ಅದನ್ನು ಒಪ್ಪಲಿಲ್ಲವೆಂದು ಪರಂಪರೆ ಹೇಳುತ್ತದೆ. ಹಗ್ಗಕ್ಕೆ ಹಗ್ಗದ ಬೆಲೆ ಬರಬೇಕು. ಹೆಚ್ಚಾದುದು ಕಾಯಕದ ಫಲವಲ್ಲ, ಅದರಿಂದ ಮಾಡಿದ್ದು ದಾಸೋಹವಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ವ್ಯಾಖ್ಯಾನಕಾರರು ನೂರು ಬಗೆಯಲ್ಲಿ ವಿವರಿಸಿದ್ದಾರೆ. ದಾನ ಮಾಡುವವನು ಎತ್ತರದಲ್ಲಿ ನಿಂತು ಕೊಡುತ್ತಾನೆ, ದಾಸೋಹಿ ಬಾಗಿ ಕೊಡುತ್ತಾನೆ ಎಂಬ ವಿವರಣೆ ಸರ್ವಸಾಮಾನ್ಯ. ಅದು ಸರಿ. ಆದರೆ ಚಂದಯ್ಯ, ಲಕ್ಕಮ್ಮನವರ ಪ್ರಶ್ನೆ ಅದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಕೊಡುವ ವಸ್ತು ಎಲ್ಲಿಂದ ಬಂತು? ಯಾರ ಪಾಲನ್ನು ಕಡಿಮೆ ಮಾಡಿ ಬಂತು? ಮೂಲದಲ್ಲಿಯೇ ಅನ್ಯಾಯವಿದ್ದರೆ ಬಾಗಿ ಕೊಟ್ಟರೂ ಅದು ತೊಳೆದುಹೋಗುವುದಿಲ್ಲ. ಉಡುವ, ಕೊಡುವ, ಹೊದಿಸುವ ಬಟ್ಟೆಯ ಕಳೆದ ಎರಡು ಶತಮಾನಗಳ ಇತಿಹಾಸವನ್ನು ಈ ಪ್ರಶ್ನೆಯ ಬೆಳಕಿನಲ್ಲಿಯೇ ನೋಡಬೇಕಾಗಿದೆ.

1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿಯ ಬೀಜವನ್ನು ಇಂಗ್ಲಿಷರು ತಂದು ಬಿತ್ತಿಸಿದರು. ಇಂಗ್ಲೆಂಡಿನ ಗಿರಣಿಗಳಿಗೆ ಉದ್ದನೆಯ ಎಳೆಯ ಹತ್ತಿ ಬೇಕಾಗಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಈ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದೊಡನೆ ಇಳಿಯಿತು. ಹತ್ತಿ ಹಡಗು ಹತ್ತಿ ಹೋಗಿ ಬಟ್ಟೆಯಾಗಿ ಮರಳಿ ಬರುತ್ತಿತ್ತು. ಊರ ಹೆಣ್ಣುಮಕ್ಕಳ ರಾಟೆಗಳು ಅಟ್ಟ ಸೇರಿದವು. ಮಗ್ಗಗಳು ಉಳಿದವಾದರೂ ಅವು ಗಿರಣಿಯ ನೂಲನ್ನು ನೆಚ್ಚಿಕೊಂಡವು. ಬಣ್ಣದ್ದೂ ಇದೇ ಕಥೆ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ತರುಣ ಕಲ್ಲಿದ್ದಲಿನ ಡಾಂಬರಿನಿಂದ ಮೊದಲ ಕೃತಕ ಬಣ್ಣವನ್ನು ತೆಗೆದನು. ಮಂಜಿಷ್ಠದ ಬೇರಿನ ಕೆಂಪನ್ನು 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂತು. ತಲೆಮಾರುಗಳಿಂದ ಬಂದ ಬಣ್ಣಗಾರರ ವಿದ್ಯೆ ಕೆಲವೇ ದಶಕಗಳಲ್ಲಿ ನೆಲೆ ತಪ್ಪಿತು.

ಇಂಥ ಕಾಲದಲ್ಲಿ ಶರಣರ ಕಾಯಕತತ್ತ್ವವನ್ನೂ ಸ್ವದೇಶೀ ವ್ರತವನ್ನೂ ಒಂದೇ ನೂಲಿನಲ್ಲಿ ಹೊಸೆದವರು ಹರ್ಡೇಕರ ಮಂಜಪ್ಪನವರು. 1886ರಲ್ಲಿ ಬನವಾಸಿಯಲ್ಲಿ ಜನಿಸಿದ ಅವರು ಶಿಕ್ಷಕರ ಕೆಲಸವನ್ನು ಬಿಟ್ಟು ಪತ್ರಿಕೆ, ಪ್ರವಚನಗಳ ದಾರಿ ಹಿಡಿದರು. 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದವರು ಅವರೇ. ‘ಖಾದಿ ವಿಜಯ’ ಎಂಬ ಪತ್ರಿಕೆಯನ್ನೂ ಅವರು ನಡೆಸಿದರು. ಜನ ಅವರನ್ನು ಕರ್ನಾಟಕದ ಗಾಂಧಿ ಎಂದು ಕರೆದರು. ಬಸವಣ್ಣನವರ ಹೆಸರಿನಲ್ಲಿ ಮೆರವಣಿಗೆ ಹೊರಡಿಸುವುದು ಸುಲಭ, ಬಸವಣ್ಣನವರ ಹೆಸರಿನಲ್ಲಿ ಒರಟು ಬಟ್ಟೆ ಉಡುವುದು ಕಷ್ಟ. ಮಂಜಪ್ಪನವರು 1947ರಲ್ಲಿ ಲಿಂಗೈಕ್ಯರಾಗುವವರೆಗೂ ಎರಡನ್ನೂ ನಡೆಸಿದರು.

ಅವರ ಸಮಕಾಲೀನರಾದ ಫ. ಗು. ಹಳಕಟ್ಟಿಯವರದು ನೇಕಾರ ಮನೆತನ. ಊರೂರು ತಿರುಗಿ ಓಲೆಗರಿಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, ಮುದ್ರಣಕ್ಕಾಗಿ ಮನೆಯನ್ನೂ ಮಾರಿ, ಹರಿದ ಕೋಟಿನ ಮೇಲೆ ಶಾಲು ಹೊದ್ದು ಸಭೆಗಳಿಗೆ ಹೋಗುತ್ತಿದ್ದರೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು. ರೆಮ್ಮವ್ವೆಯವರ ರಾಟೆಯ ಸದ್ದು ಇಂದಿನವರಿಗೆ ಕೇಳುತ್ತಿರುವುದು ಇಂಥವರ ತ್ಯಾಗದಿಂದ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಕಾಂಗ್ರೆಸ್ಸಿನ ಸದಸ್ಯರಾಗುವವರು ನಾಲ್ಕಾಣೆ ಹಣದ ಬದಲು ತಿಂಗಳಿಗೆ 2,000 ಗಜ ನೂಲನ್ನು ಸಲ್ಲಿಸಬೇಕೆಂಬ ನಿಯಮ ಅಲ್ಲಿ ಅಂಗೀಕಾರವಾಯಿತು. ಹಣದ ಬದಲು ದುಡಿಮೆಯನ್ನೇ ಕಾಣಿಕೆಯಾಗಿ ಕೇಳಿದ ಈ ನಿಯಮ ಶರಣರ ನಾಡಿನಲ್ಲಿ ಅಂಗೀಕೃತವಾದದ್ದು ಆಕಸ್ಮಿಕವೇ ಇರಬಹುದು. ನಿಯಮವು ಹೆಚ್ಚು ಕಾಲ ಉಳಿಯಲಿಲ್ಲ; ತಾನು ನೂಲದವನು ಬೇರೆಯವರಿಂದ ನೂಲು ತಂದು ಕೊಡಬಹುದೆಂಬ ರಿಯಾಯಿತಿಯನ್ನು ಅದರೊಳಗೆ ಮೊದಲೇ ಸೇರಿಸಿದ್ದರು. ಆಯ್ದಕ್ಕಿ ಲಕ್ಕಮ್ಮನವರು ಇದ್ದಿದ್ದರೆ ಆ ರಿಯಾಯಿತಿಯನ್ನು ಒಪ್ಪುತ್ತಿರಲಿಲ್ಲ. ಅಧಿವೇಶನದ ಭಾರ ಹೊತ್ತ ಗಂಗಾಧರರಾವ್ ದೇಶಪಾಂಡೆಯವರು ಹುದಲಿಯನ್ನು ಖಾದಿಯ ಕೇಂದ್ರವಾಗಿ ಬೆಳೆಸಿದರು. 1937ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ತಂಗಿದ್ದರು.

ಖಾದಿಯ ಆ ಬೇರು ಧಾರವಾಡದ ಗರಗದಲ್ಲಿಯೂ ಹುಬ್ಬಳ್ಳಿಯ ಬೆಂಗೇರಿಯಲ್ಲಿಯೂ ಚಿಗುರಿತು. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಬೆಂಗೇರಿಯಲ್ಲಿದೆ. ದೇಶದ ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಹಾರುವ ರಾಷ್ಟ್ರಧ್ವಜ ಈ ಸೀಮೆಯ ಹೆಣ್ಣುಮಕ್ಕಳು ನೂತ, ನೇಯ್ದ, ಹೊಲಿದ ಖಾದಿಯದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿಯೂ ಅದರ ಬಟ್ಟೆ ಸಿದ್ಧವಾಗುತ್ತದೆ. ಎಳೆಗಳ ಸಂಖ್ಯೆ, ಬಣ್ಣದ ಗಾಢತೆ, ಚಕ್ರದ ಅಳತೆ ಎಲ್ಲಕ್ಕೂ ಕಟ್ಟುನಿಟ್ಟಿನ ನಿಯಮಗಳಿದ್ದು, ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬಟ್ಟೆ ತಿರಸ್ಕೃತವಾಗುತ್ತದೆ. ಹೀಗಿರುವಾಗ 2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜಸಂಹಿತೆಗೆ ತಿದ್ದುಪಡಿ ತಂದು, ಯಂತ್ರದಲ್ಲಿ ನೇಯ್ದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ನೀಡಿತು. 2022ರ ಸ್ವಾತಂತ್ರ್ಯೋತ್ಸವದಲ್ಲಿ ಮನೆಮನೆಯ ಮೇಲೆ ಧ್ವಜ ಹಾರಿತು. ಧ್ವಜವು ಬಡವರ ಮನೆಗೂ ತಲುಪಬೇಕೆಂಬುದು ನ್ಯಾಯವಾದ ಆಸೆಯೇ. ಆದರೆ ನೂಲುವ ಕೈಗಳ ಪಾಲಿನ ಅನ್ನವನ್ನು ಕಡಿಮೆ ಮಾಡಿ ಅಗ್ಗವಾದ ಬಟ್ಟೆಯನ್ನು ಅಗ್ಗ ಎನ್ನಬಹುದೇ ಎಂದು ಬೆಂಗೇರಿಯ ಖಾದಿ ಕಾರ್ಮಿಕರು ಆಗ ಕೇಳಿದರು.

ಮೈಸೂರು ಸೀಮೆಯ ನಂಜನಗೂಡು ತಾಲ್ಲೂಕಿನ ಬದನವಾಳು ಕೂಡ ಖಾದಿಯ ಇತಿಹಾಸದಲ್ಲಿ ಹೆಸರಾದ ಊರು. 1920ರ ದಶಕದಲ್ಲಿ ಅಲ್ಲಿ ನೂಲುವ ಕೇಂದ್ರ ಆರಂಭವಾಯಿತು. 1927ರಲ್ಲಿ ಗಾಂಧೀಜಿ ಅದನ್ನು ನೋಡಲು ಬಂದರು. ಇದೇ ಊರಿನಲ್ಲಿ 1993ರ ಮಾರ್ಚಿನಲ್ಲಿ ದೇವಾಲಯ ಪ್ರವೇಶದ ವಿಷಯದಿಂದ ಹುಟ್ಟಿದ ದ್ವೇಷದಲ್ಲಿ ಮೂವರು ದಲಿತರ ಕೊಲೆಯಾಯಿತು. ಈ ಸಂಗತಿಯನ್ನು ಬಸವತತ್ತ್ವದ ಅನುಯಾಯಿಗಳು ಮರೆಮಾಚುವಂತಿಲ್ಲ. ಮೃತರು ದಲಿತರು, ಆರೋಪ ಹೊತ್ತವರು ಬಸವಣ್ಣನವರನ್ನು ನೆನೆಯುವ ಸಮುದಾಯದವರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿಸಿದ್ದಕ್ಕಾಗಿ ಕಲ್ಯಾಣವೇ ಹೊತ್ತಿ ಉರಿದ ಪರಂಪರೆಯವರಿಗೆ ಇದಕ್ಕಿಂತ ದೊಡ್ಡ ನಾಚಿಕೆ ಯಾವುದಿದೆ? ಕೈಯಲ್ಲಿ ನೂತ ನೂಲು ತಾನಾಗಿಯೇ ಮನಸ್ಸುಗಳನ್ನು ಹೊಸೆಯಲಿಲ್ಲ. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ನಡೆಸಿದ ಸತ್ಯಾಗ್ರಹಕ್ಕೆ ಬದನವಾಳನ್ನೇ ಆರಿಸಿಕೊಂಡರು.

ಕೈಮಗ್ಗದ ಬಟ್ಟೆ ದುಬಾರಿ, ಸಿದ್ಧ ಉಡುಪು ಅಗ್ಗ ಎಂಬ ಮಾತು ಭಕ್ತರ ಮನೆಗಳಲ್ಲಿಯೂ ಕೇಳಿಬರುತ್ತದೆ. ಆ ಅಗ್ಗದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಅಲ್ಲಿಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿಯುತ್ತಿದ್ದ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಆದರೂ ಮರುದಿನ ಅವರನ್ನು ಕೆಲಸಕ್ಕೆ ಕರೆಯಲಾಯಿತು. ಇತ್ತ ಬೆಂಗಳೂರಿನಲ್ಲಿ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ ಕಾರ್ಮಿಕ ಹೆಣ್ಣುಮಕ್ಕಳು ಹೆದ್ದಾರಿಗಳಿಗೆ ಇಳಿದರು. ತಮ್ಮ ಭವಿಷ್ಯನಿಧಿಯ ಹಣವನ್ನು ಬೇಕಾದಾಗ ತೆಗೆದುಕೊಳ್ಳಲು ಬಿಡದ ಹೊಸ ನಿಯಮ ಅವರನ್ನು ಬೀದಿಗೆ ತಂದಿತ್ತು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಗಳ ನೀರು ಕಾವೇರಿಯ ಉಪನದಿಯಾದ ನೊಯ್ಯಲ್ ಸೇರಿ, ನೀರಾವರಿಗೆಂದು 1992ರಲ್ಲಿ ಕಟ್ಟಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟೆಯೇ ವಿಷದ ಕೆರೆಯಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಅಗ್ಗದ ಅಂಗಿಯ ಉಳಿದ ಬೆಲೆಯನ್ನು ಸಾವರ್‌ನ ತಾಯಂದಿರೂ ನೊಯ್ಯಲ್ ದಂಡೆಯ ರೈತರೂ ತೆತ್ತರು.

ಇಳಕಲ್ಲಿನ ಸೀರೆಯನ್ನು ಬಲ್ಲವರಿಗೆ ಅದರ ಮೈ ಮತ್ತು ಸೆರಗಿನ ನಡುವಿನ ಕೊಂಡಿ ಗೊತ್ತು. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದೊಂದಾಗಿ ಕೊಕ್ಕೆ ಹಾಕಿ ಕೂಡಿಸುವ ಈ ನೇಯ್ಗೆಯ ಕೌಶಲ ಆ ಊರಿನ ಹೆಮ್ಮೆ. ಆ ಊರಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು (1930-2018) ಕೊಡುವ ಪದ್ಧತಿಯನ್ನೇ ತಿರುಗುಮುರುಗು ಮಾಡಿದರು. 1970ರ ದಶಕದಲ್ಲಿ ಅವರು ಜೋಳಿಗೆ ಹಿಡಿದು ಊರೂರು ಅಲೆಯತೊಡಗಿದಾಗ ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ತಂಬಾಕು, ಇಸ್ಪೀಟುಗಳನ್ನು ಜೋಳಿಗೆಗೆ ಹಾಕಿ ಕೈಮುಗಿದವರು ಅಸಂಖ್ಯರು. ದುಡಿದ ಕೂಲಿ ಮನೆ ಸೇರುವ ಮೊದಲೇ ಕರಗಿಹೋಗುತ್ತಿದ್ದ ಬಡವರ ಮನೆಗಳಿಗೆ ಈ ಜೋಳಿಗೆ ಸಲ್ಲಿಸಿದ ದಾಸೋಹವನ್ನು ರೂಪಾಯಿಗಳಲ್ಲಿ ಅಳೆಯಲಾಗದು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಮಠಗಳ ಜಾತ್ರೆಗಳಲ್ಲಿ, ಸಭೆಗಳಲ್ಲಿ ಶಾಲು ಹೊದಿಸಿ ಸನ್ಮಾನಿಸುವ ರೂಢಿ ಇದೆ. ಇಂದು ಹೊದಿಸುವ ಶಾಲುಗಳಲ್ಲಿ ಬಹುಪಾಲು ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರಿನವು. ಬೆವರನ್ನು ಹೀರುವುದಿಲ್ಲ, ಮಣ್ಣಿನಲ್ಲಿ ಕರಗುವುದಿಲ್ಲ, ಮತ್ತೊಬ್ಬರಿಗೆ ಹೊದಿಸುವುದಕ್ಕೆ ಮಾತ್ರ ಉಪಯೋಗ. ಒಂದೇ ಶಾಲು ಹತ್ತು ಹೆಗಲುಗಳನ್ನು ಸುತ್ತಿ ಬಂದ ಉದಾಹರಣೆಗಳೂ ಇವೆ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿ ನಡೆಯುವ ಜಯಂತಿಯ ವೇದಿಕೆಯಲ್ಲಿಯಾದರೂ ನೇಕಾರನ ಕೈಯಿಂದ ಬಂದ ಒಂದು ಹತ್ತಿಯ ಪಂಚೆ, ಒಂದು ಗುಳೇದಗುಡ್ಡದ ಖಣ ಬಂದರೆ, ಆ ಬೆಲೆ ಒಂದು ಮನೆಯ ಒಲೆಗೆ ತಲುಪುತ್ತದೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ 1996ರಲ್ಲಿ ಆರಂಭವಾದ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಇದೇ ದಾರಿಯಲ್ಲಿ ನಡೆದು ಬಂದಿದೆ. ಮಲೆನಾಡಿನ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ನೇಯುತ್ತಾರೆ, ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ದಾರಿ ಸುಗಮವಾಗಿರಲಿಲ್ಲ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು ಸಂಘದ ಹಿಂದಿನ ಪ್ರೇರಕಶಕ್ತಿಯಾದ ಪ್ರಸನ್ನ ಅವರು ಬೆಂಗಳೂರಿನಲ್ಲಿ ಉಪವಾಸ ಕುಳಿತರು. 2020ರಲ್ಲಿ ಕೊರೊನಾ ಮಾರಿ ಬಂದು ಮಾರಾಟ ನಿಂತಾಗ ಸಂಘವೇ ಮುಚ್ಚುವ ಸ್ಥಿತಿಗೆ ಬಂದಿತ್ತು.

ಅಲ್ಲಿಯ ಬಣ್ಣದ ಮನೆಯಲ್ಲಿ ದಾಳಿಂಬೆಯ ಸಿಪ್ಪೆ, ನೀಲಿ, ಮಂಜಿಷ್ಠಗಳ ಜೊತೆಗೆ ಅಡಿಕೆಯ ಚೊಗರೂ ಇದೆ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸವೇ ಚೊಗರು. ಮಲೆನಾಡಿನ ಪ್ರತಿ ಅಡಿಕೆ ಮನೆಯಲ್ಲಿಯೂ ಸುಗ್ಗಿಯಲ್ಲಿ ಅದು ಸಿಗುತ್ತದೆ. ಬಟ್ಟೆಯನ್ನು ಅದರಲ್ಲಿ ಅದ್ದಿ, ಕುದಿಸಿ, ಹಿಂಡಿ ನೆರಳಿನಲ್ಲಿ ಹರವಿದರೆ ಮಣ್ಣಿನ ಕೆಂಪು ಹತ್ತುತ್ತದೆ.